ಕನ್ನಡ ತಂತ್ರಾಂಶದ ಎರಡು ತಲೆಮಾರುಗಳು

ಕೊಪ್ಪಳ ಜಿಲ್ಲೆಯ ಹೇಮಗುಡ್ಡದಂತಹ ಗ್ರಾಮದ ವಿದ್ಯಾರ್ಥಿಯೂ ಇಂದು ಮೊಬೈಲಿನಲ್ಲಿ ಕನ್ನಡವನ್ನು ಸರಾಗವಾಗಿ ಬರೆಯಬಲ್ಲನು. ಈ ಸೌಲಭ್ಯವು ತಾನಾಗಿ ಒದಗಿದುದಲ್ಲ. ಇದರ ಹಿಂದೆ ತಂತ್ರಾಂಶ ತಜ್ಞರ ಎರಡು ತಲೆಮಾರುಗಳ ಪರಿಶ್ರಮವಿದೆ. ಅವರೆಲ್ಲರೂ ಒಂದೇ ಭಾಷೆಗಾಗಿ ದುಡಿದರೂ ತಮ್ಮ ಕೆಲಸವನ್ನು ಕಂಡ ಬಗೆ ಮಾತ್ರ ಬೇರೆಯಾಗಿತ್ತು.

ಮೊದಲ ತಲೆಮಾರಿನವರಲ್ಲಿ ಕಿನ್ನಿಕಂಬಳ ಪದ್ಮನಾಭ ರಾವ್ ಅವರು ಪ್ರಮುಖರು. 1940ರಲ್ಲಿ ಜನಿಸಿದ ಇವರು ಮುದ್ರಣಾಕ್ಷರಗಳ ತಂತ್ರವನ್ನು ಚೆನ್ನಾಗಿ ಬಲ್ಲವರು. ಗಣಕದ ಕೀಲಿಮಣೆಯು ಇಂಗ್ಲಿಷಿಗಾಗಿ ರೂಪುಗೊಂಡುದಾಗಿತ್ತು. ಅದರ 26 ಅಕ್ಷರಗಳ ಕೀಲಿಗಳಲ್ಲಿಯೇ ರಾಯರು ಕನ್ನಡ ವರ್ಣಮಾಲೆಯನ್ನು ಅಳವಡಿಸಿದರು. ಶಿಫ್ಟ್ ಕೀಲಿಯೊಡನೆ ಒತ್ತಿದರೆ ಕಕಾರವು ಖಕಾರವಾಗುತ್ತದೆ. ಎರಡು ವ್ಯಂಜನಗಳ ನಡುವೆ ಒಂದು ಕೀಲಿಯನ್ನು ಒತ್ತಿದರೆ ಒತ್ತಕ್ಷರವು ಮೂಡುತ್ತದೆ. ಭಾಷೆಯ ಧ್ವನಿವ್ಯವಸ್ಥೆಯನ್ನು ಅರಿಯದವರಿಂದ ಇಂತಹ ವಿನ್ಯಾಸವು ಸಾಧ್ಯವಾಗುತ್ತಿರಲಿಲ್ಲ. ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಸ್ಮರಣೆಗಾಗಿ 'ಸೇಡಿಯಾಪು' ಎಂದು ಹೆಸರಿಟ್ಟರು. ಕೀಲಿಮಣೆಯ ವಿನ್ಯಾಸವನ್ನಾದರೋ ಹಕ್ಕು ಸ್ಥಾಪಿಸದೆ ನಾಡಿಗೆ ಬಿಟ್ಟುಕೊಟ್ಟರು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶವು ಇದನ್ನೇ ಅನುಸರಿಸಿತು. 1998ರಲ್ಲಿ ಹೊರಬಂದ ಶೇಷಾದ್ರಿವಾಸು ಅವರ 'ಬರಹ'ವೂ ಮೊದಲ ವರ್ಷಗಳಲ್ಲಿ ಉಚಿತವಾಗಿ ದೊರೆತು, ಕನ್ನಡವನ್ನು ಮನೆಮನೆಯ ಗಣಕಕ್ಕೆ ಒಯ್ದಿತು. ಈ ತಲೆಮಾರಿಗೆ ತಂತ್ರಾಂಶವೆಂದರೆ ಒಬ್ಬ ವ್ಯಕ್ತಿಯ ಏಕಾಗ್ರ ಸಾಧನೆಯಾಗಿತ್ತು.

ಆದರೆ ಆ ಕಾಲದ ವ್ಯವಸ್ಥೆಯಲ್ಲಿ ಒಂದು ಕೊರತೆಯಿತ್ತು. ಬೇರೆ ಬೇರೆ ತಂತ್ರಾಂಶಗಳು ಅಕ್ಷರಗಳಿಗೆ ಬೇರೆ ಬೇರೆ ಸಂಕೇತಗಳನ್ನು ಬಳಸುತ್ತಿದ್ದವು. ತಕ್ಕ ಅಕ್ಷರಶೈಲಿಯಿಲ್ಲದ ಗಣಕದಲ್ಲಿ ಲೇಖನವು ಅರ್ಥಹೀನ ಚಿಹ್ನೆಗಳ ಸಾಲಾಗಿ ತೋರುತ್ತಿತ್ತು. ಕಷ್ಟಪಟ್ಟು ಬರೆದ ಬರಹವೇ ಮುಂದಿನವರಿಗೆ ಓದಲು ಸಿಗದೆ ಹೋಗುವ ಅಪಾಯವಿತ್ತು.

ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಕ್ರಮವನ್ನು ಒದಗಿಸುವ ಯೂನಿಕೋಡ್ 1991ರಲ್ಲಿಯೇ ಕನ್ನಡವನ್ನು ಒಳಗೊಂಡಿತು. ಅದು ಬಳಕೆಗೆ ಬಂದ ಮೇಲೆ ದುಡಿಯತೊಡಗಿದ ತರುಣರ ದೃಷ್ಟಿ ಬೇರೆಯಾಯಿತು. ಹಳೆಯ ಬರಹಗಳನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳನ್ನು ಅವರು ರಚಿಸಿದರು. ಅವುಗಳ ಮೂಲ ಸಂಕೇತವನ್ನೂ ಬಹಿರಂಗಪಡಿಸಿದರು. ಇದರಿಂದ ಒಬ್ಬರು ಬಿಟ್ಟ ಕೆಲಸವನ್ನು ಮತ್ತೊಬ್ಬರು ಮುಂದುವರಿಸುವುದು ಸಾಧ್ಯವಾಯಿತು. ಇವರಿಗೆ ತಂತ್ರಾಂಶವು ಹಲವರು ಕೂಡಿ ಕಟ್ಟುವ, ಎಂದಿಗೂ ಮುಗಿಯದ ಕಾರ್ಯ.

ಕಿರಿಯರಿಗೆ ಆಳವಾದ ಅಭ್ಯಾಸ ಸಾಲದೆಂದು ಹಿರಿಯರು ಆಕ್ಷೇಪಿಸುವುದುಂಟು. ಹಿರಿಯರು ಒಂಟಿಯಾಗಿ ದುಡಿದು ಉತ್ತರಾಧಿಕಾರಿಗಳನ್ನು ಬೆಳೆಸಲಿಲ್ಲವೆಂದು ಕಿರಿಯರು ಹೇಳುವುದುಂಟು. ಎರಡು ಮಾತುಗಳಲ್ಲಿಯೂ ಸತ್ಯಾಂಶವಿದೆ. ಒಬ್ಬರ ಆಳವಾದ ತಿಳಿವಳಿಕೆಯಿಲ್ಲದೆ ಒಳ್ಳೆಯ ಕೆಲಸವು ಹುಟ್ಟುವುದಿಲ್ಲ; ಹಲವರ ಕೈ ಸೇರದೆ ಅದು ಉಳಿಯುವುದಿಲ್ಲ.