ಸೊಂಟ ನೋವೆಂದು ಮಲಗಿಬಿಡಬೇಡಿ

ಸೊಂಟ ಹಿಡಿದುಕೊಂಡಿತು ಅಂದರೆ ಮನೆಮಂದಿಯೆಲ್ಲ ಹೇಳುವುದು, "ಅಲ್ಲಾಡದೆ ಮಲಗು." ಪ್ರೀತಿಯ ಮಾತೇ ಅದು. ಆದರೆ ನಾವು ಎಡವುವುದೂ ಅಲ್ಲೇ. ಸೊಂಟದ 5 ಕಶೇರುಗಳಿಗೆ ಆಸರೆ ಕೊಡುವುದು ಬೆನ್ನು, ಹೊಟ್ಟೆ, ಪಿರ್ರೆಗಳ ಸ್ನಾಯುಗಳು. ವಾರಗಟ್ಟಲೆ ಮಲಗಿದರೆ ಅವು ಸೊರಗುತ್ತವೆ. ಎದ್ದ ಮೇಲೆ ಸಣ್ಣ ಕೆಲಸವೂ ಬೆನ್ನಿಗೆ ಭಾರವಾಗುತ್ತದೆ. ಸೊಂಟಕ್ಕೆ ಕಟ್ಟುವ ಬೆಲ್ಟನ್ನೇ ನಂಬಿ ಕೂರಬೇಡಿ, ಅದು ಸ್ನಾಯುವಿಗೆ ಬಲ ತುಂಬದು.

ತೀರಾ ನೋವಿದ್ದರೆ ಒಂದೆರಡು ದಿನದ ವಿಶ್ರಾಂತಿ ಸಾಕು. ಆಮೇಲೆ ಮನೆಯೊಳಗೇ ನಾಲ್ಕು ಹೆಜ್ಜೆ ಹಾಕಿ. ನೋವು ಇಳಿದಂತೆ, ಅಂಗಾತ ಮಲಗಿ ಮೊಣಕಾಲು ಮಡಚಿ, ಸೊಂಟವನ್ನು ನಿಧಾನವಾಗಿ ಮೇಲೆತ್ತಿ ಇಳಿಸಿ. ದಿನಕ್ಕೆ ಐದು ಸಲದಿಂದ ಶುರುಮಾಡಿ, ಉಸಿರು ಬಿಗಿಹಿಡಿಯಬೇಡಿ. ನೋವು ಹೆಚ್ಚಿದರೆ ನಿಲ್ಲಿಸಿ, ಫಿಸಿಯೋಥೆರಪಿಸ್ಟರನ್ನು ಕೇಳಿ. ಸ್ನಾಯು ಬಲಿಯಲು ವಾರಗಳೇ ಬೇಕು. ನೋವು ಹೋಯಿತೆಂದು ನಾಲ್ಕೇ ದಿನಕ್ಕೆ ಕೈಬಿಡುವವರೇ ಹೆಚ್ಚು, ನೀವು ಹಾಗೆ ಮಾಡಬೇಡಿ. ತುಂಬಿದ ಬಿಂದಿಗೆ ಎತ್ತುವಾಗ ಮಂಡಿ ಬಗ್ಗಿಸಿ, ಮೈಗೆ ಒತ್ತಿ ಹಿಡಿಯಿರಿ.

ಕಾಲಿನ ಶಕ್ತಿ ಕುಂದಿದರೆ, ತೊಡೆಸಂದು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ವ್ಯಾಯಾಮದ ಮಾತೇ ಬೇಡ. ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ.