ಉಕ್ಕಿನ ಕೊಳವೆಯ ಕುರ್ಚಿಗಳು

ಸಂಗ್ರಹವೆಂದೊಡನೆ ನಮ್ಮ ಮನಸ್ಸಿಗೆ ಬರುವುವು ಹಳೆಯ ನಾಣ್ಯ, ಅಂಚೆಚೀಟಿ, ಓಲೆಗರಿ. ಉಕ್ಕಿನ ಕೊಳವೆಯನ್ನು ಬಗ್ಗಿಸಿ, ಬಟ್ಟೆ ಬಿಗಿದು ಮಾಡಿದ ಕುರ್ಚಿಯನ್ನು ಯಾರಾದರೂ ಸಂಗ್ರಹಿಸುವರೆ ಎಂದು ವಾಚಕರು ನಗಬಹುದು. ಆದರೆ ಯೂರೋಪಿನಲ್ಲಿ 1925ರಿಂದ ಮುಂದಿನ ಕೆಲವೇ ವರ್ಷಗಳಲ್ಲಿ ತಯಾರಾದ ಇಂಥ ಕುರ್ಚಿಗಳು ಇಂದು ವಸ್ತುಸಂಗ್ರಹಾಲಯಗಳನ್ನು ಸೇರಿವೆ; ಅವನ್ನು ಅರಸುವ ಸಂಗ್ರಹಕಾರರೂ ಉಂಟು. ಎಲ್ಲವೂ ಒಂದೇ ತೆರನಾಗಿರಲೆಂದು ಮಾಡಿದ ವಸ್ತುವಿನಲ್ಲಿ ಸಂಗ್ರಹಯೋಗ್ಯವಾದುದು ಯಾವುದು? ಇದೇ ಇಲ್ಲಿಯ ವಿಚಾರ.

ಹಂಗೆರಿಯಲ್ಲಿ 1902ರಲ್ಲಿ ಹುಟ್ಟಿದ ಮಾರ್ಸೆಲ್ ಬ್ರಾಯರ್ ಜರ್ಮನಿಯ ಬೌಹೌಸ್ ಎಂಬ ಕಲಾಶಾಲೆಯಲ್ಲಿ ಕಲಿತವನು. ಆ ಶಾಲೆ 1925ರಲ್ಲಿ ಡೆಸೌ ನಗರಕ್ಕೆ ಬಂದಾಗ ಅಲ್ಲಿಯೇ ಮರಗೆಲಸದ ವಿಭಾಗಕ್ಕೆ ಮುಖ್ಯಸ್ಥನಾದನು. ಆಗ ಅವನೊಂದು ಸೈಕಲ್ಲನ್ನು ಕೊಂಡನು. ಅದರ ಹ್ಯಾಂಡಲ್ಲಿನ ಬಾಗನ್ನು ನೋಡಿ, ಹೀಗೆ ಬಾಗುವ ಕೊಳವೆಯಿಂದ ಕುರ್ಚಿಯನ್ನೇಕೆ ಮಾಡಬಾರದೆಂದು ಯೋಚಿಸಿದನು. ಫಲವಾಗಿ ಹುಟ್ಟಿದುದು ಬಿ3 ಎಂಬ ಕೈಯುಳ್ಳ ಕುರ್ಚಿ. ದಪ್ಪ ಮೆತ್ತೆಯ ಕುರ್ಚಿಯಿಂದ ಮಾಂಸವನ್ನೆಲ್ಲ ತೆಗೆದು ಎಲುಬನ್ನು ಮಾತ್ರ ಉಳಿಸಿದಂತೆ ಅದರ ರೂಪ. ಚಿತ್ರಕಾರ ವಾಸಿಲಿ ಕ್ಯಾಂಡಿನ್‌ಸ್ಕಿ ಅದನ್ನು ಮೆಚ್ಚಿದನು. 1960ರ ದಶಕದಲ್ಲಿ ಇಟಲಿಯ ಗವೀನಾ ಸಂಸ್ಥೆ ಅದನ್ನು ಮತ್ತೆ ತಯಾರಿಸಿದಾಗ 'ವಾಸಿಲಿ' ಎಂದು ಹೆಸರಿಟ್ಟಿತು. ಆದುದರಿಂದ ಆ ಹೆಸರು ಕುರ್ಚಿಗಿಂತ ಬಹಳ ಕಿರಿಯದು.

ಹಾಲೆಂಡಿನ ಮಾರ್ಟ್ ಸ್ಟಾಮ್ 1926ರಲ್ಲಿ ಗ್ಯಾಸ್ ಕೊಳವೆಗಳನ್ನು ಜೋಡಿಸಿ, ಹಿಂಗಾಲುಗಳೇ ಇಲ್ಲದ ಕುರ್ಚಿಯನ್ನು ಮಾಡಿದನು. ಮರುವರ್ಷ ಸ್ಟುಟ್‌ಗಾರ್ಟ್ ಪ್ರದರ್ಶನದಲ್ಲಿ ಮೀಸ್ ವಾನ್ ಡರ್ ರೋ ಅದೇ ತತ್ತ್ವದ, ಆದರೆ ಕುಳಿತರೆ ಹಿತವಾಗಿ ತೂಗುವ ಕುರ್ಚಿಯನ್ನು ತೋರಿಸಿದನು. ಬ್ರಾಯರನೂ ಇಂಥವನ್ನು ರಚಿಸಿದನು. ಕಲ್ಪನೆ ಯಾರದೆಂಬ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು. ಜರ್ಮನಿಯ ಉಚ್ಚತಮ ನ್ಯಾಯಾಲಯ 1932ರಲ್ಲಿ ಸ್ಟಾಮನ ಹಕ್ಕನ್ನು ಎತ್ತಿಹಿಡಿಯಿತು. ಇದರಿಂದ ಬ್ರಾಯರನು ರಚಿಸಿದ ಕುರ್ಚಿಗೂ ಸ್ಟಾಮನ ಹೆಸರು ಅಂಟಿಕೊಂಡಿತು. ಹೀಗಿರುವಾಗ ಹೆಸರಿನ ಚೀಟಿಯೊಂದನ್ನೇ ನಂಬಿದ ಸಂಗ್ರಹಕಾರನು ಮೋಸಹೋಗುವುದು ಸಹಜ.

ಹಾಗಾದರೆ ಪರೀಕ್ಷಿಸಬೇಕಾದುದೇನು? ಮೊದಲನೆಯದು ಲೇಪ. ಆದಿಯಲ್ಲಿ ಕೊಳವೆಗೆ ನಿಕಲ್ ಲೇಪವಿರುತ್ತಿತ್ತು, ತರುವಾಯ ಕ್ರೋಮಿಯಂ ಬಂದಿತು. ನಿಕಲ್ಲಿನ ಹೊಳಪು ತುಸು ಹಳದಿ, ಕ್ರೋಮಿಯಮ್ಮಿನದು ನೀಲಿ ಛಾಯೆಯುಳ್ಳದ್ದು. ಎರಡನೆಯದು ಬಟ್ಟೆ. ಅಂದಿನ ಬಿ3 ಕುರ್ಚಿಗಳಿಗೆ ಮೇಣ ಹಾಕಿ ಗಟ್ಟಿಗೊಳಿಸಿದ ಹತ್ತಿನೂಲಿನ ಬಟ್ಟೆಯನ್ನು ಬಿಗಿಯುತ್ತಿದ್ದರು. ಜರ್ಮನರು ಆ ನೂಲನ್ನು 'ಕಬ್ಬಿಣದ ನೂಲು' ಎಂದೇ ಕರೆದರು. ಬೌಹೌಸಿನ ನೇಯ್ಗೆಯ ವಿಭಾಗದಲ್ಲಿ ಮಾರ್ಗರೇಟ ರೈಖಾರ್ಟ್ ಎಂಬಾಕೆ ಅದನ್ನು ಉತ್ತಮಗೊಳಿಸಿದಳು. ಇಂದು ಎಲ್ಲೆಡೆ ಕಾಣುವ ತೊಗಲಿನ ಹೊದಿಕೆ ಬಹುಮಟ್ಟಿಗೆ ಮರುತಯಾರಿಕೆಯ ಕಾಲದ್ದು. ಮೂರನೆಯದು ಕೊಳವೆಗಳು ಕೂಡುವ ಸಂದು ಮತ್ತು ತಿರುಪುಮೊಳೆ. ಬಿ3 ಕುರ್ಚಿಯ ಚೌಕಟ್ಟು ಮೊದಲ ಕೆಲವು ವರ್ಷಗಳಲ್ಲೇ ಹಲವು ಸಲ ಬದಲಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹಳೆಯ ಲೇಪವನ್ನು ಉಜ್ಜಿ ತೆಗೆದು ಹೊಸದಾಗಿ ಮೆರುಗು ಕೊಡಿಸಿದರೆ ಕುರ್ಚಿ ಥಳಥಳಿಸುವುದು ನಿಜ. ಆದರೆ ಅದರ ಸಾಕ್ಷ್ಯ ಅಳಿದುಹೋಗುತ್ತದೆ. ಶಾಸನದ ಕಲ್ಲನ್ನು ನುಣುಪಾಗಲೆಂದು ಉಜ್ಜಿದಂತೆಯೇ ಇದೂ ಅವಿವೇಕ.

ಆಕಾರವನ್ನು ಯಂತ್ರ ಎಷ್ಟು ಸಲ ಬೇಕಾದರೂ ಮಾಡಿಕೊಡಬಲ್ಲುದು. ಮಾಸಿದ ನಿಕಲ್, ಹರಿದ ಬಟ್ಟೆ, ತಪ್ಪಿ ಮತ್ತೆ ತಿದ್ದಿದ ಸಂದು — ಇವು ಒಂದು ಯೋಚನೆ ನಡೆದುಬಂದ ಹೆಜ್ಜೆಗಳು. ಇವನ್ನು ಮಾತ್ರ ಯಂತ್ರ ಮತ್ತೆ ಮಾಡಿಕೊಡಲಾರದು. ಸಂಗ್ರಹಕಾರನು ಕಾಪಾಡಬೇಕಾದುದು ಇವನ್ನೇ. ಮುರುಕು ಕುರ್ಚಿಯೊಂದನ್ನು ಗುಜರಿಗೆ ಹಾಕುವ ಮುನ್ನ ನಾವೂ ಒಮ್ಮೆ ಅದನ್ನು ಮಗುಚಿ ನೋಡುವ ಅಭ್ಯಾಸವಿಟ್ಟುಕೊಂಡರೆ ಒಳ್ಳೆಯದಲ್ಲವೆ?