ಹೆಸರುಕಾಯಿ ಊಟವೇನ್ರಿ?

ಬೀದರ್‌ನಲ್ಲಿ ನ್ಯೂಟ್ರಿಷನ್ ಕಲಿಸತೊಡಗಿದ ಹೊಸದರಲ್ಲಿ ಸಂಶೋಧನಾ ವಿಧಾನವನ್ನು ನಾನು ಬೋರ್ಡಿನ ಮೇಲೆಯೇ ಮುಗಿಸುತ್ತಿದ್ದೆ. ಹಿಂದಿನ 24 ತಾಸಿನಲ್ಲಿ ತಿಂದದ್ದನ್ನು ಕೇಳಿ ಬರೆದುಕೊಳ್ಳುವ ಕ್ರಮವನ್ನು ಪರೀಕ್ಷೆಯಲ್ಲಿ ಎಲ್ಲರೂ ಚೆಂದ ಬರೆಯುತ್ತಿದ್ದರು. ಯಾರಿಗೂ ಅದು ಬಂದಿಲ್ಲ ಎಂದು ಗೊತ್ತಾದದ್ದು ಔರಾದ್ ಕಡೆಯ ಒಂದು ಹಳ್ಳಿಯ ಕಟ್ಟೆಯ ಮೇಲೆ.

ಹೆಸರು ಬಿಡಿಸುವ ಕಾಲ. ವಿದ್ಯಾರ್ಥಿನಿ ಫಾರ್ಮ್ ಹಿಡಿದು ಕೇಳಿದಳು: ‘ನಿನ್ನೆ ಏನೇನ್ ಊಟ ಮಾಡೀರಿ, ಅವ್ವಾ?’

‘ಮುಂಜಾನೆ ಎರಡು ರೊಟ್ಟಿ, ಬ್ಯಾಳಿ. ರಾತ್ರಿ ಎರಡು ರೊಟ್ಟಿ, ಪುಂಡಿಪಲ್ಯ. ಮತ್ತೇನ್ ಇರ್ತದ?’

ಹುಡುಗಿ ಬರೆದಳು, ಕೂಡಿಸಿದಳು, ಮುಖ ಸಣ್ಣ ಮಾಡಿದಳು. ಆ ತಾಯಿಯೋ ಮಾತಾಡುತ್ತಲೇ ಮಡಿಲಿನ ಹಸಿ ಹೆಸರುಕಾಯಿ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ‘ಇದು?’ ಎಂದೆ.

‘ನಿನ್ನೇನೂ ತಿಂದೀನಿ, ಮೊನ್ನೇನೂ ತಿಂದೀನಿ. ಇದೇನ್ ಊಟ ಏನ್ರಿ?’ ಎಂದು ನಕ್ಕರು.

ಕೇಳಿದ ಮಾತಿಗೆ ಅವರು ಸರಿಯಾಗಿಯೇ ಉತ್ತರ ಕೊಟ್ಟಿದ್ದರು. ನಮ್ಮ ಕಡೆ ಊಟ ಅಂದರೆ ಕೂತು ರೊಟ್ಟಿ ಮುರಿಯುವುದು; ಚಹಾ, ಹಿಡಿ ಶೇಂಗಾ, ಹೊಲದ ಕಾಯಿ ಯಾವುದೂ ಅದರ ಲೆಕ್ಕಕ್ಕಿಲ್ಲ. ಮರಾಠಿ ಮನೆಗಳಲ್ಲಿ ‘ಜೇವಣ್’ ಎಂದು ಕೇಳಿದರೂ ಅದೇ ಗತಿ. ಅಂದಿನಿಂದ ಊಟದ ಮಾತು ಎತ್ತುವುದನ್ನೇ ಬಿಟ್ಟೆವು. ಎದ್ದ ಕೂಡಲೇ ಏನು ಮಾಡಿದ್ರಿ, ಹೊಲಕ್ಕೆ ಯಾವಾಗ ಹೋದ್ರಿ, ದಾರ್ಯಾಗ ಬಾಯಿಗೆ ಏನಾರ ಹಾಕ್ಕೊಂಡ್ರೇನು ಎಂದು ಕೆಲಸದ ಜಾಡು ಹಿಡಿದು ಕೇಳುತ್ತೇವೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಇನ್ನೊಂದು ತಪ್ಪು ಪೂರಾ ನನ್ನದು. ಕ್ಲಾಸಿನಲ್ಲಿ ಜೋಳದ ರೊಟ್ಟಿಗೆಲ್ಲ ಒಂದೇ ತೂಕ ಬರೆಸಿದ್ದೆ. ಭಾಲ್ಕಿಯಲ್ಲಿ ತಕ್ಕಡಿ ಒಯ್ದು ಮೂರು ಮನೆಯ ರೊಟ್ಟಿ ತೂಗಿದರೆ, ಒಂದು ಮನೆಯದು ಇನ್ನೊಂದರ ಎರಡರಷ್ಟಿತ್ತು! ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ಹತ್ತಿರಹತ್ತಿರ 10 ಗ್ರಾಂ ಪ್ರೋಟೀನ್ ಇದೆ. ಇರಲಿ, ರೊಟ್ಟಿಗೆ ಎಷ್ಟು ಹಿಟ್ಟು ಹೋಯಿತೆಂದೇ ತಿಳಿಯದವರಿಗೆ ಆ ಅಂಕಿಯಿಂದ ಏನಾಗಬೇಕು? ಈಗ ಮನೆಯಾಕೆಗೆ ಡಬ್ಬಿಯಿಂದ ದಿನದಷ್ಟೇ ಹಿಟ್ಟು ತೆಗೆಯಲು ಹೇಳಿ, ಅದನ್ನೇ ತೂಗುತ್ತೇವೆ.

ಕಳೆದ ಸಲ ಬೀದರ್ ನಗರದ ಒಂದು ಓಣಿಯಲ್ಲಿ ತೋಳಿನ ಸುತ್ತಳತೆ ಕಲಿಸುತ್ತಿದ್ದೆ. 6ರಿಂದ 59 ತಿಂಗಳ ಮಗುವಿಗೆ ಅದು 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ. ಒಂದೇ ಕೂಸು, ಒಬ್ಬಳಿಗೆ 11.3, ಇನ್ನೊಬ್ಬಳಿಗೆ 11.7. ಮೊದಲನೆಯವಳು ಜಡೆಗೆ ರಿಬ್ಬನ್ ಬಿಗಿದಂತೆ ಪಟ್ಟಿ ಎಳೆದಿದ್ದಳು. ಎರಡನೆಯವಳು ಭುಜದಿಂದ ಮೊಳಕೈವರೆಗೆ ಅಳೆದು ನಡುವಿನ ಗುರುತನ್ನೇ ಹಾಕಿರಲಿಲ್ಲ. ಆಸ್ಪತ್ರೆಗೆ ಕಳಿಸಬೇಕೋ ಬೇಡವೋ ಎನ್ನುವ ತೀರ್ಮಾನ ಆ ನಾಲ್ಕು ಮಿಲಿಮೀಟರಿನಲ್ಲಿತ್ತು. ಮತ್ತೊಮ್ಮೆ ಅಳೆಯಹೋದರೆ ಕೂಸು ತೋಳು ಕೊಡಲೊಲ್ಲದು, ರಚ್ಚೆ ಹಿಡಿಯಿತು. ಸುಮ್ಮನಿರಿಸಲು ಅಜ್ಜಿ ಅದರ ಕೈಗೆ ಒಂದು ಖಾರಿ ಇಟ್ಟರು.

ಪಟ್ಟಿ ಹಿಡಿದಿದ್ದ ಹುಡುಗಿ ಅದನ್ನು ಕೆಳಗಿಟ್ಟು ಕೇಳಿದಳು: ‘ಅಮ್ಮಾ, ಮುಂಜಾನಿಂದ ಇದು ಎಷ್ಟನೇ ಖಾರಿ?’